ಚನ್ನಾಜಮ್ಮ ಕಾಯ್ದ ನಾಲ್ಕು ಮೆಟ್ಟಿಲು ನೀರು

ಬಿಳಿಗಿರಿ ಬೆಟ್ಟದ ಹಿಂದೆ ಆಗಷ್ಟೇ ಬೆಳಕು ಮೂಡುತ್ತಿದೆ. ಹೊನ್ನೂರು ಕೆರೆಯ ತೂಬಿನ ಬಳಿ ಚನ್ನಾಜಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದಿದ್ದಾರೆ. ಮುಳುಗಿದ ಮೆಟ್ಟಿಲುಗಳನ್ನು ಬಿದಿರು ಕೋಲಿನಿಂದ ಮುಟ್ಟಿ ಎಣಿಸಿ, ತೂಬಿನ ಬಿರಡೆಯನ್ನು ಗೇಣುದ್ದ ಎತ್ತುತ್ತಾರೆ. ನೀರು ಕಾಲುವೆಗೆ ಧುಮುಕಿದ ಸದ್ದಿಗೂ ಕೆರೆಯೊಳಗಿನ ಜಾಲಿಮರಗಳ ಮೇಲೆ ಕೂತ ಹೆಜ್ಜಾರ್ಲೆ ಹಕ್ಕಿಗಳು ಕದಲುವುದಿಲ್ಲ.

"ಅವುಕ್ಕೆ ಗೊತ್ತು ಸಾ, ಇದು ನಾನೇ ಅಂತ," ಎಂದು ಏರಿಯ ಮೇಲೆ ನಿಂತ ನನಗೆ ಹೇಳುತ್ತಾರೆ.

ಐವತ್ತು ದಾಟಿದ ಇವರು ಊರಿನ ನೀರುಗಂಟಿ. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿ ಬಿಡುವವರು. ಮೊದಲು ಈ ಕೆಲಸ ಮಾಡುತ್ತಿದ್ದ ಗಂಡ ಚಿಕ್ಕಸಿದ್ದಯ್ಯ ಹಾವು ಕಚ್ಚಿ ತೀರಿಕೊಂಡು ಹನ್ನೊಂದು ವರ್ಷ. ಹೆಂಗಸು ತೂಬಿಗೆ ಕೈ ಹಾಕುವುದುಂಟೇ ಎಂದು ಆಗ ಕೆಲವರು ಗೊಣಗಿದ್ದರು. ಅದೇ ವಾರ ಮಳೆ ಹೊಡೆದು ಏರಿ ಜಿನುಗತೊಡಗಿತು. ಎಲ್ಲಿ ಮಣ್ಣು ತುಂಬಬೇಕೆಂದು ಗೊತ್ತಿದ್ದುದು ಈಕೆಯೊಬ್ಬರಿಗೇ. ಗೊಣಗಾಟ ನಿಂತಿತು. ಅಂದಿನಿಂದ ದಿನಕ್ಕೆರಡು ಸಲ ಮುಕ್ಕಾಲು ಮೈಲಿಯ ಏರಿಯುದ್ದಕ್ಕೂ ನಡಿಗೆ, ಎಂಬತ್ತು ಎಕರೆಗೆ ಸರದಿಯ ನೀರು. ಪ್ರತಿಫಲ, ಸುಗ್ಗಿಯಲ್ಲಿ ಮನೆಗಿಷ್ಟು ಭತ್ತ.

ಕಳೆದ ತಿಂಗಳು ಮೈಸೂರಿನ ಕಾಲೇಜೊಂದರ ವಿದ್ಯಾರ್ಥಿಗಳು ಬಂದು ಇಲ್ಲಿ ನೂರ ಎಂಬತ್ತಾರು ಗೂಡು ಎಣಿಸಿ ಹೋದರು. ಆ ಹಕ್ಕಿಗಳು ಈ ಕೆರೆ ಬಿಡದೆ ಉಳಿದದ್ದು ಹೇಗೆಂದು ಅವರಿಗೆ ಯಾರೂ ಹೇಳಲಿಲ್ಲ.

ಕಳೆದ ವರ್ಷ, ೧೯೫೩ರ ಮಾರ್ಚ್. ಹಿಂಗಾರು ಕೈಕೊಟ್ಟು ಕೆರೆಯಲ್ಲಿ ಆರು ಮೆಟ್ಟಿಲು ನೀರಷ್ಟೇ ಉಳಿದಿತ್ತು. ನಾಲ್ಕಕ್ಕಿಂತ ಕೆಳಗಿಳಿದರೆ ಮರಗಳ ಬುಡ ಒಣಗಿ ಕಾಡುಬೆಕ್ಕುಗಳು ಗೂಡಿಗೆ ಹತ್ತುತ್ತವೆ. ಮರಿಗಳ ರೆಕ್ಕೆ ಇನ್ನೂ ಬಲಿತಿರಲಿಲ್ಲ. ಇತ್ತ ಗದ್ದೆಗಳು ಬಿರಿಯುತ್ತಿದ್ದವು. ಊರಿನ ದೊಡ್ಡ ಹಿಡುವಳಿದಾರ ಸದಾಶಿವಪ್ಪ ಏರಿಗೇ ಬಂದರು.

"ತೂಬು ಪೂರಾ ಎತ್ತು ಚನ್ನಾಜಿ. ಕೊಕ್ಕರೆ ನೋಡ್ಕಂಡು ನಾವು ಉಪಾಸ ಬೀಳದಾ?"

"ಹದ್ನೈದ್ ದಿನ ತಡೀರಿ ಬುದ್ಧಿ, ಮರಿ ಆರೋಯ್ತವೆ. ಮ್ಯಾಗಳ ಎಲ್ಡು ಮೆಟ್ಲು ನೀರ ಎಲ್ರಿಗೂ ಅಂಚ್ತೀನಿ. ನನ್ ಗದ್ದೆಗೆ ಇವತ್ತಿಂದ್ಲೇ ಕಟ್ಟಾಕ್ತೀನಿ."

ಅಂದಂತೆಯೇ ಮಾಡಿದರು. ವಾರ ಕಳೆದು ಮತ್ತೆ ಜಗಳಕ್ಕೆಂದು ಬಂದ ಸದಾಶಿವಪ್ಪ, ಚನ್ನಾಜಮ್ಮನ ಅರ್ಧ ಎಕರೆ ಪೈರು ಹಳದಿ ತಿರುಗಿದ್ದನ್ನು ಕಂಡು ಏರಿಯಿಂದಲೇ ಹಿಂದಿರುಗಿದರು. ಹದಿನೇಳನೆಯ ದಿನ ಕೊನೆಯ ಮರಿ ಹಾರಿತು. ಅಂದೇ ತೂಬು ಪೂರಾ ತೆರೆಯಿತು. ಊರವರ ಬೆಳೆ ಮುಕ್ಕಾಲು ಪಾಲು ಕೈಗೆ ಬಂತು. ಈಕೆಯದು ಜೊಳ್ಳು.

ಸಂಕಟವಾಗಲಿಲ್ಲವೇ ಎಂದು ಕೇಳುತ್ತೇನೆ.

"ಅತ್ಬುಟ್ಟೆ ಸಾ. ಪೈರೂ ನಾನು ಸಾಕಿದ್ ಮರಿಯೇ ಅಲ್ವಾ?"

ಈ ವರ್ಷ ಊರ ಪಂಚಾಯಿತಿಯಲ್ಲಿ ಎದ್ದು ನಿಂತವರು ಸದಾಶಿವಪ್ಪನೇ. ಮರಿ ಹಾರುವವರೆಗೆ ನಾಲ್ಕು ಮೆಟ್ಟಿಲು ನೀರನ್ನು ಯಾರೂ ಕೇಳಕೂಡದು ಎಂದರು. ಪಂಚಾಯಿತಿ ಒಪ್ಪಿತು.

ನಿಮಗೇನು ಬೇಕು ಎಂದರೆ ಚನ್ನಾಜಮ್ಮ ಬಿದಿರು ಕೋಲನ್ನು ಏರಿಗೆ ಒರಗಿಸುತ್ತಾರೆ.

"ನಂಗೇನ್ ಬೇಕು ಸಾ. ನಾನಾದ್ಮ್ಯಾಲೆ ಬರೋ ನೀರುಗಂಟಿ ತೂಬು ಎತ್ತೋಕ್ ಮುಂಚೆ ಒಂದ್ಸಲ ಮರದ ಕಡೆ ನೋಡ್ಲಿ. ಅಷ್ಟೇಯ."