ಭಂಡಾರದ ಮೇಲೆ ಹೊರಿಸಿದ ಸುಳ್ಳು

ಮಾಳವ್ವ, ಆ ಸಣ್ಣ ಕಣಗಳು ನಿನ್ನ ಹಣೆಯ ಭಂಡಾರದ, ಅಂದರೆ ದೇವರ ಅರಿಶಿನದ, ಪುಡಿ ಆಗಿರಲಿಲ್ಲ. ನನಗೆ ಅಂದೇ ಗೊತ್ತಿತ್ತು.

ಹನ್ನೊಂದು ವರ್ಷ ಈ ಮಾತು ನುಂಗಿಕೊಂಡು ಕೂತೆ. ಹುಕ್ಕೇರಿ ಕಡೆಯ ಆ ಕಾಲೇಜಿನಲ್ಲಿ ನಾನು ನಿನ್ನ ಮೇಷ್ಟ್ರು — ಮಹಾಪಂಡಿತನ ಗತ್ತು, ಕೈಯಲ್ಲಿ ಒಂದೇ ಒಂದು ಸಮೀಕರಣ. ಸಾಬೂನಿನ ನೀರಿನಲ್ಲಿ ಪ್ಲಾಸ್ಟಿಕ್ಕಿನ ಕಣಗಳು ಮೊದಲ ಕೆಲವು ನಿಮಿಷ ಮಾತ್ರ ಹುಟ್ಟತಕ್ಕದ್ದು. ಆಮೇಲೆ ಹುಟ್ಟಿದವೇ ದಪ್ಪಗಾಗತಕ್ಕದ್ದು — ಇದು ನನ್ನ ರಾಜಾಜ್ಞೆ. ಕಣಗಳು ಕೇಳಲಿಲ್ಲ. ತುಕ್ಕಾನಟ್ಟಿಯ ಕುರುಬರ ಮನೆಯಲ್ಲಿ ಕುರಿಮರಿ ಎಣಿಸಿ ಬೆಳೆದವಳು ನೀನು. ಕಣಗಳ ಗಾತ್ರ ತೋರಿಸುವ ನಕ್ಷೆಯಲ್ಲಿ ದೊಡ್ಡ ದಿಬ್ಬದ ಬಾಜೂಕ ಇನ್ನೊಂದು ಸಣ್ಣ ದಿಬ್ಬ ಕಂಡೊಡನೆ ಅಂದೆ: "ಸರ್, ಇದು ಎರಡನೇ ಸೂಲ್ರಿ. ನಡುವ ಮತ್ತ ಮರಿ ಹಾಕ್ಯಾವು."

ನಾನು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ: "ಮರಿ ಅಲ್ಲವಾ, ನಿನ್ನ ಹಣಿ ಭಂಡಾರ ಉದುರೈತಿ. ಇದೇನು ಬೀರಪ್ಪನ ಗುಡಿ ಅಂದ್ಕೊಂಡಿ?"

ಎಲ್ಲರೂ ನಕ್ಕರು. ಆ ಕಣಗಳ ಮುಂದೆ ಅರಿಶಿನದ ಪುಡಿ ಎಂದರೆ ಗುಡ್ಡದ ಬಂಡೆ — ನಕ್ಕವರಿಗೆ ಅದು ಗೊತ್ತಿರಲಿಲ್ಲ.

ಮರುದಿನ ನೀನು ಹಣೆ ತೊಳೆದುಕೊಂಡು ಬಂದು ಪ್ರಯೋಗ ಮತ್ತೆ ಮಾಡಿದೆ. ಅಳತೆಯ ಹಾಳೆ ನೀನು ನೋಡುವ ಮೊದಲೇ ನನ್ನ ಕೈಗೆ ಬಂತು. ಸಣ್ಣ ದಿಬ್ಬ ಅಲ್ಲೇ ಇತ್ತು. ಹಾಳೆಯನ್ನು ಕಪಾಟಿಗೆ ತುರುಕಿ, "ಈಗ ಸರಿ ಬಂತ ನೋಡು" ಎಂದೆ. ನೀನು ನಂಬಿದೆ. ಮತ್ತೆಂದೂ ಭಂಡಾರ ಹಚ್ಚಿಕೊಂಡು ಪ್ರಯೋಗಶಾಲೆಗೆ ಬರಲಿಲ್ಲ.

ಮೊನ್ನೆ ನಿನ್ನ ಬಣ್ಣದ ಕಾರ್ಖಾನೆಯಿಂದ ಫೋನು ಬಂತು. "ಸರ್, ದೊಡ್ಡ ರಿಯಾಕ್ಟರ್ ಕುಂದ್ರಿಸೇವ್ರಿ. ಕಾವು ಇಳಿಸೋ ತಣ್ಣೀರಿನ ಲೆಕ್ಕ ನಿಮ್ಮ ಸಮೀಕರಣದ್ದರಿ. ಸೋಮವಾರ ಚಾಲೂ."

ನನ್ನ ನಾಲಗೆ "ಛಲೋ ಆತವಾ" ಎಂದುಬಿಟ್ಟಿತು.

ಅಂದಿನಿಂದ ಅದೇ ಲೆಕ್ಕ ಮತ್ತೆ ಮತ್ತೆ ಹಾಕುತ್ತಿದ್ದೇನೆ. ಕಣ ಹೆಚ್ಚಾದಷ್ಟು ಕ್ರಿಯೆ ಜೋರು, ಕ್ರಿಯೆ ಜೋರಾದಷ್ಟು ಕಾವು. ಆ ಎರಡನೆಯ ಸೂಲಿನ ಕಾವಿಗೆ ನನ್ನ ಲೆಕ್ಕದಲ್ಲಿ ಒಂದು ತಂಬಿಗೆ ನೀರೂ ಇಲ್ಲ. ರಿಯಾಕ್ಟರಿನ ಪಕ್ಕ ನಿಲ್ಲುವವಳು ನೀನು. ಅದರ ಮುಚ್ಚಳ ಏನಾದರೂ — ವಾಕ್ಯ ಮುಗಿಸಲಾರೆ. ಗೋಕಾಕದ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ಎದ್ದು ನಿಲ್ಲುತ್ತೇನೆ. "ಬ್ಯಾಳಿ ಬೇಯಾಕತ್ತೈತಿ, ಕುಂದರ್ರಿ" ಅನ್ನುತ್ತಾಳೆ ಹೆಂಡತಿ.

ಇಂದು ಮುಂಜಾನೆ ಫೋನು ಮಾಡಿ ಅಷ್ಟೇ ಹೇಳಿದೆ: "ಚಾಲೂ ಮಾಡಬ್ಯಾಡ, ಲೆಕ್ಕ ತಪ್ಪೈತಿ."

ನೀನು ಗಾಬರಿಯಿಂದ ಕೇಳಿದೆ: "ನಂದೇನರ ತಪ್ಪಾತೇನ್ರಿ, ಸರ್?"

ನಾನು ಫೋನು ಇಟ್ಟುಬಿಟ್ಟೆ.

ಕಪಾಟಿನ ಹಾಳೆ ಈಗ ನನ್ನ ಜೇಬಿನಲ್ಲಿದೆ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನ ಸಾಹೇಬರನ್ನೂ ಕೆಲಸದವರನ್ನೂ ಕೂಡಿಸು, ಮಾಳವ್ವ. ಅಂದು ಎಲ್ಲರ ಮುಂದೆ ನಗಿಸಿದವನು ಈ ಹಾಳೆಯನ್ನೂ ಎಲ್ಲರ ಮುಂದೆಯೇ ಓದಬೇಕು.