ಪಾರ್ಕಿನಲ್ಲಿ ಒಂದು ತಲೆ ಹೆಚ್ಚು

ಮಟಮಟ ಮಧ್ಯಾಹ್ನಕ್ಕೆ ಜನ ಹೆದರುತ್ತಿದ್ದ ದಿನಗಳವು. ನಮ್ಮ ಸಿಂಧನೂರಿನಲ್ಲಿ ರಾತ್ರಿಗೆ ಯಾರೂ ಅಷ್ಟು ಅಂಜುತ್ತಿರಲಿಲ್ಲ. ಕರೆಂಟು ಹೋದರೆ ಓಣಿಗೆ ಓಣಿಯೇ ಕಟ್ಟೆಗೆ ಬಂದು ಕೂತು ಹರಟುತ್ತಿತ್ತು. ಅಂಜಿಕೆ ಏನಿದ್ದರೂ ಹನ್ನೆರಡರಿಂದ ಮೂರರವರೆಗೆ. ಬಿಸಿಲು ನೆತ್ತಿಗೇರಿ, ನೆರಳೆಲ್ಲ ಕಾಲಡಿಗೆ ಸೇರಿ, ರೈಸ್ ಮಿಲ್ಲಿನ ಬೆಂದ ಭತ್ತದ ವಾಸನೆ ಗಾಳಿಯಿಲ್ಲದೆ ಒಂದೇ ಕಡೆ ನಿಂತುಬಿಡುವ ಹೊತ್ತು ಅದು. ಆ ಹೊತ್ತಿನಲ್ಲಿ ಯಾರೂ ಕಾಲಿಡದ ಜಾಗವೆಂದರೆ ಪಾರ್ಕು. ನಾವಿದ್ದದ್ದು ಅದೇ ಪಾರ್ಕಿನೊಳಗೆ.

ನಾವು ಮಸ್ಕಿ ಕಡೆಯವರು. ನಾಟಿಗೆ ದಢೇಸುಗೂರು, ಕೊಯ್ಲಿಗೆ ಸಾಲಗುಂದ ಎಂದು ಕಾಲುವೆಯ ಬೆನ್ನು ಹಿಡಿದು ತಿರುಗುವ ಸಂಸಾರ. ಅಪ್ಪ ಹಳ್ಳಿಗಳ ಮೇಲೆಯೇ ಇರುತ್ತಿದ್ದ. ಆ ವರ್ಷ ಅವ್ವನಿಗೆ ಪಾರ್ಕಿನ ಗಿಡಗಳಿಗೆ ನೀರು ಬಿಡುವ ಕೆಲಸ ಸಿಕ್ಕಿತು, ಜೊತೆಗೆ ಮೋಟರ್ ಕೋಣೆಯ ಮಗ್ಗುಲಲ್ಲಿ ಮಲಗಲು ಒಂದು ತಗಡಿನ ಸೂರು. ನನಗಾಗ ಏಳು ವರ್ಷ. ಶಾಲೆ ಎಂಬುದು ಸಾಹುಕಾರರ ಮನೆಯ ಹಾಗೆ, ಹೊರಗಿನಿಂದ ನೋಡುವಂಥದ್ದು. ನನ್ನ ಕೆಲಸ ಆರು ತಿಂಗಳ ತಮ್ಮನನ್ನು ತೂಗುವುದು.

ಅವ್ವ ಬೇವಿನ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟುತ್ತಿದ್ದಳು. ಜೋಲಿಗೊಂದು ಸುತಳಿ, ಸುತಳಿಯ ಇನ್ನೊಂದು ತುದಿ ನನ್ನ ಕಾಲಿನ ಹೆಬ್ಬೆರಳಿಗೆ. ಬಿಸಿಲು ತಪ್ಪಿಸಲು ನಾನು ಗೋರಂಟಿ ಬೇಲಿಯ ಹಿಂದೆ, ಅವ್ವ ನೀರುಣಿಸಿದ ಒದ್ದೆ ಮಣ್ಣಿನ ಮೇಲೆ ಕೂತು ಕಾಲು ಆಡಿಸುತ್ತಿದ್ದೆ. ಬುತ್ತಿಯ ರೊಟ್ಟಿ, ಸೇಂಗಾ ಹಿಂಡಿ ಮುಗಿದ ಮೇಲೆ ಒಬ್ಬಳೇ ಗಜ್ಜುಗ ಆಡುತ್ತಿದ್ದೆ, ಎಡಗೈ ಒಂದು ಪಾಳಿ, ಬಲಗೈ ಇನ್ನೊಂದು. ಎಡಗೈಯೇ ಯಾವಾಗಲೂ ಸೋಲುತ್ತಿತ್ತು.

ಪಾರ್ಕಿನ ಗೋಡೆಗೆ ಹತ್ತಿಕೊಂಡೇ ಶಾಲೆ. ಒಂದು ಕಿಟಕಿ ನಮ್ಮ ಕಡೆಗೆ. ಊಟದ ಗಂಟೆಗೆ ಮುಂಚೆ ಅಲ್ಲಿ ಮಗ್ಗಿ ಶುರುವಾಗುತ್ತಿತ್ತು. ಅಕ್ಕೋರು, ಅಂದರೆ ಟೀಚರು, ಒಂದು ಸಾಲು ಹೇಳುವರು, ಮಕ್ಕಳು ಕೂಗುವರು, ಅವರ ಹಿಂದೆ ಬೇಲಿಯ ಮರೆಯಲ್ಲಿ ನಾನು. ಎರಡರದ್ದು ಬಂತು, ಮೂರರದ್ದು ಬಂತು. ಯಾಕೋ ಮೂರೇಳ್ಲೆಗೆ ಬಂದಾಗ ಮಾತ್ರ ನನ್ನ ಬಾಯಲ್ಲಿ ಇಪ್ಪತ್ತೆರಡೇ ಹೊರಡುತ್ತಿತ್ತು. ತಿದ್ದಲು ಯಾರಿದ್ದರು?

ಶಿವರಾತ್ರಿ ಕಳೆದ ಮೇಲೆ ಗೇಟಿನ ಹತ್ತಿರ ಮಂಡಕ್ಕಿ ಮಿರ್ಚಿ ಮಾರುವ ಹುಸೇನಮ್ಮ ಅವ್ವನನ್ನು ಕರೆದಳು. ನಾನೂ ಮಿರ್ಚಿಯ ಆಸೆಗೆ ಹಿಂದೆ ಹೋಗಿದ್ದೆ.

"ಯವ್ವಾ, ಮಧ್ಯಾಹ್ನ ಹುಡುಗೀನ ಒಳಗ ಬಿಡಬ್ಯಾಡ ಬೇ. ಅಲ್ಲೊಂದು ಸೇರ್ಕೊಂಡೈತಿ."

"ಏನ್ ಸೇರೈತಿ?"

"ಗಾಳಿ ಇಲ್ಲ, ಮಂದಿ ಇಲ್ಲ, ಗಿಡದಾಗ ಜೋಲಿ ತಾನ ತೂಗಾಕತ್ತಿರ್ತೈತಿ. ಯಾವ್ದೋ ಹುಡುಗಿ ಮಗ್ಗಿ ಹೇಳ್ತಾಳ. ದನಿ ಐತಿ, ಮೈ ಇಲ್ಲ. ಪಾದ ಹಿಂದ ಮುಂದ ಅದಾವಂತ."

ಜೋಲಿ ನಮ್ಮದೆಂದರೆ ಕೆಲಸಕ್ಕೆ ಕುತ್ತು ಬಂದೀತೆಂದು ಅವ್ವ ಸುಮ್ಮನಾದಳೋ, ಅವಳಿಗೂ ಎದೆ ಝಲ್ಲೆಂದಿತೋ, ಇವತ್ತಿಗೂ ಗೊತ್ತಿಲ್ಲ. ನಾನೇ ಕೇಳಿದೆ, "ಯಾವ ಮಗ್ಗಿ ಹೇಳ್ತೈತಿ ಅದು?"

"ಮೂರರದ್ದು. ಅದೂ ತಪ್ಪು ಹೇಳ್ತೈತಂತ," ಎಂದು ಹುಸೇನಮ್ಮ ಕೈಗೊಂದು ಮಿರ್ಚಿ ಇಟ್ಟಳು. "ಸತ್ತ ಮ್ಯಾಲೂ ಲೆಕ್ಕ ಬಂದಿಲ್ಲ ನೋಡು ಪಾಪ."

ಅದು ನಾನೇ ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಜೋಲಿಯನ್ನು ತೂಗುವವಳು ನಾನು. ತಾನಾಗಿ ತೂಗುವುದು ಅಂದರೆ ಬೇರೆ ಜೋಲಿ ಇರಬೇಕು. ನಾನು ಕಂಡಿಲ್ಲ, ಅಷ್ಟೇ. ಮರುದಿನದಿಂದ ಪಾರ್ಕೇ ಬದಲಾಯಿತು. ಒಣಗಿದ ಕಾರಂಜಿಯ ತೊಟ್ಟಿಯಲ್ಲಿ ಎಲೆ ಸರಿದರೂ ಕಿವಿ ನಿಮಿರುತ್ತಿತ್ತು. ಜಾರುಬಂಡೆಯ ತಗಡು ಬಿಸಿಲಿಗೆ ಟಣ್ ಎಂದರೆ ಯಾರೋ ಕೂತು ಎದ್ದ ಹಾಗೆ. ಒದ್ದೆ ಮಣ್ಣಿನಲ್ಲಿ ಮೂಡಿದ ಪುಟ್ಟ ಹೆಜ್ಜೆ ಕಂಡು ಓಡಿದ್ದೇನೆ. ಅದರ ಮೇಲೆ ನನ್ನ ಕಾಲಿಟ್ಟು ನೋಡುವ ಬುದ್ಧಿ ಬರಲಿಲ್ಲ.

ಅಂಜಿಕೆಗೆ ಒಂದೇ ಔಷಧ ಗೊತ್ತಿತ್ತು. ಮಗ್ಗಿಯನ್ನು ಇನ್ನೂ ಜೋರಾಗಿ ಹೇಳುತ್ತಿದ್ದೆ, ಅದರ ದನಿ ನನಗೆ ಕೇಳದಿರಲಿ ಎಂದು. ಅತ್ತ ಗೋಡೆಯಾಚೆಯವರಿಗೆ ದೆವ್ವದ ದನಿ ದಿನದಿನಕ್ಕೆ ಏರತೊಡಗಿತು. ಮಕ್ಕಳು ಕಿಟಕಿ ಮುಚ್ಚಿದರು. ಕೆಲವರು ಶಾಲೆಗೇ ಬರಲೊಲ್ಲೆ ಎಂದರು.

ಕೊನೆಗೆ ಒಂದು ಮಧ್ಯಾಹ್ನ ಅಕ್ಕೋರು ಇಡೀ ತರಗತಿಯನ್ನು ಸಾಲು ಮಾಡಿಸಿ ಪಾರ್ಕಿಗೇ ಕರೆತಂದರು. "ಬರ್ರಿ, ದೆವ್ವ ಎಲ್ಲೈತಿ ತೋರಸ್ರಿ ನನಗ. ಊರಾಗ ಇಂಥಾ ತಂಪು ಜಾಗ ಇಟ್ಕೊಂಡು ಗೋಡಿ ಆಚಿಗೆ ಬೇಯಾಕತ್ತೀವಿ," ಎಂದು ಬೇವಿನ ಗಿಡದ ಕೆಳಗೆ ದುಂಡಗೆ ಕೂರಿಸಿದರು. ಬೊಡ್ಡೆಯ ಆ ಬದಿಗಿದ್ದ ಜೋಲಿ ಯಾರ ಕಣ್ಣಿಗೂ ಬೀಳಲಿಲ್ಲ. ಮೂರರ ಮಗ್ಗಿ ಶುರುವಾಯಿತು.

ಅಷ್ಟು ಹತ್ತಿರದಿಂದ ನಾನದನ್ನು ಎಂದೂ ಕೇಳಿರಲಿಲ್ಲ. ಸುತಳಿ ಉದ್ದವಿತ್ತು. ಬೇಲಿಯ ಸಂದಿಯಿಂದ ತೆವಳಿ ಬಂದು ದುಂಡಿನ ಕೊನೆಗೆ ಕೂತುಬಿಟ್ಟೆ. ಎಲ್ಲರೂ ಕಣ್ಣು ಮುಚ್ಚಿ ಕೂಗುತ್ತಿದ್ದರು, ನಾನೂ ಮುಚ್ಚಿದೆ.

ಮಗ್ಗಿ ಮುಗಿದ ಮೇಲೆ ಅಕ್ಕೋರು ತಲೆ ಎಣಿಸಿದರು. "ಇಪ್ಪತ್ತೊಂಬತ್ತು ಬಂದೀವಿ ಹೌದಲ್ಲ?" ಮತ್ತೆ ಎಣಿಸಿದರು. ಮೂರನೆಯ ಸಲ ಒಬ್ಬೊಬ್ಬರ ತಲೆ ಮುಟ್ಟುತ್ತ ಬಂದರು. ನನ್ನ ತಲೆಯ ಮೇಲೆ ಆ ಕೈ ನಿಂತಿತು.

"ಮೂವತ್ತು," ಎಂದರು ಮೆಲ್ಲಗೆ.

ಪಕ್ಕದ ಹುಡುಗಿ ನನ್ನನ್ನು ನೋಡಿದಳು. ಹಿಂದಿನ ಜೋಲಿ ನೋಡಿದಳು. ನಾನು ಭಯಕ್ಕೆ ಕಾಲು ಎಳೆದುಕೊಂಡಿದ್ದೆ, ಜೋಲಿ ತೂಗಿತು. "ಯವ್ವೋ!" ಎಂಬ ಒಂದೇ ಕೂಗಿಗೆ ಇಪ್ಪತ್ತೊಂಬತ್ತೂ ಗೇಟಿನತ್ತ ಓಡಿದವು. ನಾನೂ ಓಡಬೇಕೆಂದು ಎದ್ದೆ. ದೆವ್ವ ನನ್ನ ಹಿಂದೆಯೇ ಬಂದಿದೆ ಎಂದುಕೊಂಡಿದ್ದೆ. ಸುತಳಿ ಬಿಗಿದು ಬೋರಲು ಬಿದ್ದೆ.

ಅಕ್ಕೋರು ಓಡಲಿಲ್ಲ. ಮೊದಲು ನನ್ನ ಪಾದ ನೋಡಿದರು. ನೆಟ್ಟಗಿದ್ದವು. ಹೆಬ್ಬೆರಳು ನೋಡಿದರು. ಸುತಳಿಯನ್ನು ಕಣ್ಣಲ್ಲೇ ಹಿಡಿದು ಹೋಗಿ ಜೋಲಿಯೊಳಗೆ ಇಣುಕಿದರು. ಕೂಸು ಬೆರಳು ಚೀಪುತ್ತಿತ್ತು.

"ಮೂರೇಳ್ಲೆ ಎಷ್ಟವಾ?"

"ಇಪ್ಪತ್ತೆರಡ್ರಿ."

ಅಕ್ಕೋರು ಅಲ್ಲೇ ಕುಸಿದು ಕೂತು ಕಣ್ಣೀರು ಬರುವ ಹಾಗೆ ನಕ್ಕರು. ಅಷ್ಟರಲ್ಲಿ ಅವ್ವ ನೀರಿನ ಪೈಪು ಹಿಡಿದೇ ಓಡಿಬಂದಳು. "ತಪ್ಪಾತ್ರಿ ಅಕ್ಕೋರ, ಸಣ್ಣದೈತ್ರಿ, ತಿಳಿಯಂಗಿಲ್ಲ."

"ತಪ್ಪು ಒಂದ ಸಾಲಿನಾಗ ಆಗೈತಿ, ತಿದ್ದಿದ್ರ ಮುಗೀತು. ನಾಳಿಂದ ಕಳಸು ಈಕೀನ."

"ಕೂಸಿನ್ನ ಯಾರು ತೂಗ್ತಾರ್ರಿ? ಇಕಿ ಸಾಲಿಗಿ ಬಂದ್ರ ನಾ ಕೆಲಸ ಬಿಡಬೇಕಾಕೈತಿ. ಕೆಲಸ ಬಿಟ್ರ ಮತ್ತ ಕಾಲುವಿ ದಂಡಿಗೆ."

ಅದು ನಿಜವೇ ಆಗಿತ್ತು. ಪೈಪಿನ ನೀರು ಸುಮ್ಮನೆ ಹರಿಯುತ್ತಿತ್ತು. ಬದುಕಿನಲ್ಲಿ ನಾನು ಬಹಳ ಫಲಿತಾಂಶಗಳಿಗೆ ಕಾದಿದ್ದೇನೆ. ಆವತ್ತಿನ ಹಾಗೆ ಯಾವುದಕ್ಕೂ ಕಾದಿಲ್ಲ.

ಅಕ್ಕೋರು ಎದ್ದು ಗೋಡೆಯವರೆಗೆ ನಡೆದರು. ಕಿಟಕಿಯ ಕೆಳಗೆ ಇನ್ನೊಂದು ಬೇವಿನ ಗಿಡ ಇತ್ತು. ಕೊಂಬೆ ಜಗ್ಗಿ ನೋಡಿ ಹೇಳಿದರು, "ಜೋಲಿ ಇಲ್ಲಿ ಕಟ್ಟು. ಸುತಳಿ ಕಿಡಕ್ಯಾಗಿಂದ ಒಳಗ ಬರ್ಲಿ."

ಹಾಗೆ ನಾನು ಓದಿದೆ. ಕಿಟಕಿಯ ಪಕ್ಕದ ಜಾಗ ನನ್ನದು. ಕೈಯಲ್ಲಿ ಪಾಟಿ, ಕಾಲಲ್ಲಿ ತಮ್ಮ. ಅವನು ಅತ್ತರೆ ಇಡೀ ತರಗತಿ "ದುರುಗಿ, ಜಗ್ಗಲೇ!" ಎನ್ನುತ್ತಿತ್ತು. ಜೂನಿನಲ್ಲಿ ಹಾಜರಿ ಪುಸ್ತಕಕ್ಕೆ ನನ್ನ ಹೆಸರು ಬಂತು. ನಮ್ಮ ಬಳಗದಲ್ಲಿ ಮೊದಲ ಡಿಗ್ರಿ ನನ್ನದು. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ ಎನ್ನಬೇಕೆಂದಿದ್ದೆ. ಇರಲಿ, ದೊಡ್ಡಸ್ತಿಕೆಗೇ ಹೇಳುತ್ತಿದ್ದೇನೆ.

ಇಲ್ಲಿಗೆ ಮುಗಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಇನ್ನೊಂದು ನಡೆಯಿತು. ದಸರೆಯ ಹೊತ್ತಿಗೆ ತಮ್ಮ ಅವ್ವನ ಸೆರಗು ಹಿಡಿದು ತಿರುಗುವಂತಾದ. ಜೋಲಿ ಬಿಚ್ಚಿದೆವು, ಸುತಳಿ ಸುತ್ತಿಟ್ಟೆವು. ಅದಾದ ಮೇಲೆ ಒಂದು ಮಧ್ಯಾಹ್ನ, ಗಾಳಿ ಸುಳಿದಾಡದ ಹೊತ್ತು, ಮೂರರ ಮಗ್ಗಿ ನಡೆದಿತ್ತು. ನಾವು ಇಪ್ಪತ್ತೊಂದು ಎಂದು ನಿಲ್ಲಿಸಿದೆವು. ಒಂದು ಉಸಿರಿನಷ್ಟು ಬಿಟ್ಟು ಕಿಟಕಿಯಾಚೆಯಿಂದ ದನಿ ಬಂತು.

"ಮೂರೇಳ್ಲೆ ಇಪ್ಪತ್ತೆರಡು."

ಎಲ್ಲರೂ ನನ್ನ ಬಾಯಿ ನೋಡಿದರು. ಮುಚ್ಚಿತ್ತು. ಅಕ್ಕೋರು ಹೊರಗೆ ಹೋಗಿ ಬೇಲಿ, ತೊಟ್ಟಿ, ಮೋಟರ್ ಕೋಣೆ ಎಲ್ಲ ಹುಡುಕಿ ಬಂದರು. ಯಾರೂ ಇರಲಿಲ್ಲ. ಜೋಲಿಯಿಲ್ಲದ ಕೊಂಬೆ ಮಾತ್ರ ಮೆಲ್ಲಗೆ ತೂಗುತ್ತಿತ್ತು. ಅದನ್ನು ನಾನೂ ಕಿಟಕಿಯಿಂದ ಕಂಡೆ. ಅವರು ಹಾಜರಿ ಪುಸ್ತಕ ತೆಗೆದು, ಕೊನೆಗಿದ್ದ ನನ್ನ ಹೆಸರಿನ ಕೆಳಗೆ ಮುಂದಿನ ನಂಬರು ಹಾಕಿ ಒಂದು ಸಾಲು ಖಾಲಿ ಬಿಟ್ಟರು. "ಬಂದ್ರ ಬರ್ಕೊಳ್ಳಾಕ ಬೇಕಲ್ಲ," ಎಂದರು. ಆ ವರ್ಷವೆಲ್ಲ ಆ ಸಾಲು ಖಾಲಿಯೇ ಇತ್ತು. ಯಾರೂ ಬರಲಿಲ್ಲ.

ನಾನೀಗ ಲಿಂಗಸುಗೂರಿನಲ್ಲಿ ನೌಕರಿ ಮಾಡುತ್ತೇನೆ. ಮೊನ್ನೆ ನನ್ನ ಮಗಳನ್ನೂ, ಜೋಲಿಯಲ್ಲಿದ್ದ ಅದೇ ತಮ್ಮನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಆ ಪಾರ್ಕಿಗೆ ಹೋಗಿದ್ದೆ. ಒಳಗೆ ಕಲ್ಲು ಹಾಸಿದ ನಡೆಯುವ ದಾರಿ, ಬಣ್ಣದ ಬೆಂಚು. ಶಾಲೆಯ ಗೋಡೆ ಎತ್ತರವಾಗಿದೆ, ಕಿಟಕಿ ಅದರ ಹಿಂದೆ ಮುಳುಗಿದೆ. ಗೋರಂಟಿ ಬೇಲಿ ಹೋಗಿ ಕಬ್ಬಿಣದ ಬೇಲಿ ಬಂದಿದೆ. ಹತ್ತರಿಂದ ನಾಲ್ಕರವರೆಗೆ ಗೇಟಿಗೆ ಬೀಗ. ಮಧ್ಯಾಹ್ನ ಅಲ್ಲಿ ದೆವ್ವಕ್ಕೂ ಪ್ರವೇಶವಿಲ್ಲ. ನಾಲ್ಕಾದ ಮೇಲೂ ನಮ್ಮ ನಾಲ್ವರನ್ನು ಬಿಟ್ಟರೆ ಕಾವಲುಗಾರನೊಬ್ಬನೇ.

ಸಿಂಧನೂರಿನವರೇ ಇರಲಿ, ಲಿಂಗಸುಗೂರು ಮಸ್ಕಿಯವರೇ ಇರಲಿ, ನಿಮ್ಮೂರಿನ ಪಾರ್ಕಿಗೆ ಒಮ್ಮೆ ಹೋಗಿ ಬನ್ನಿ. ಬೀಗ ಇದ್ದರೆ ತೆಗೆಸಿ. ಬೇಲಿಯ ಹಿಂದೆಯೂ ಇಣುಕಿ. ಹೊರಡುವಾಗ ಮಕ್ಕಳ ತಲೆ ಎಣಿಸಿಕೊಳ್ಳಿ. ಒಂದು ಹೆಚ್ಚು ಬಂದರೆ ಓಡಬೇಡಿ, ಪಾದ ನೋಡಿ, ಹೆಸರು ಕೇಳಿ.

ನಾನೂ ಹೊರಡುವಾಗ ಬೇವಿನ ಗಿಡದ ಕೆಳಗೆ ಮಕ್ಕಳನ್ನು ನಿಲ್ಲಿಸಿ, ಮೂರರ ಮಗ್ಗಿ ಹೇಳಿಸಿ, ಒಂದು ಉಸಿರಿನಷ್ಟು ಕಾದೆ. ಆಮೇಲೆ ತಲೆ ಮುಟ್ಟಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

ಮೂವರೇ ಇದ್ದರು.