ನಾಲೆಯಾಚೆಗೆ ಕೇಳಿಸಿದ ರಾಕ್ ಹಾಡು

ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೆ ಇಂಜಿನ್ನಿಗಿಂತ ಸ್ಪೀಕರೇ ಮುಖ್ಯವಾಗಿದ್ದ ಕಾಲ ಅದು. ಚಿಕ್ಕಯ್ಯನಛತ್ರದ ಕಡೆಯ ನಮ್ಮ ಹಳ್ಳಿಯಲ್ಲಿ ಒಂದು ಹಾಡು ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನವಾಗುತ್ತಿದ್ದದ್ದು ಮಾದೇವಣ್ಣನ ಟ್ರ್ಯಾಕ್ಟರಿನಲ್ಲಿ. ಡ್ರೈವರ್ ಸೀಟಿನ ಎರಡೂ ಕಡೆ ಅಕ್ಕಿ ಡಬ್ಬದಷ್ಟು ದೊಡ್ಡ ಸ್ಪೀಕರು. ಅವನು ಬೀದಿಗೆ ಬಂದರೆ ನಮ್ಮ ಅಡುಗೆಮನೆಯ ತಟ್ಟೆಗಳು ಗಿಲಗಿಲ ಅನ್ನುತ್ತಿದ್ದವು. ಅವ್ವ ಬೈಯುತ್ತಲೇ ಬಾಗಿಲಿಗೆ ಬಂದು ಇವತ್ತು ಯಾವ ಹಾಡು ಅಂತ ಕೇಳಿಸಿಕೊಳ್ಳುತ್ತಿದ್ದಳು.

ನಾನಾಗ ಒಂಬತ್ತನೇ ಕ್ಲಾಸು. ದಸರಾ ರಜ. ದೊಡ್ಡಪ್ಪನ ಮಗ ನವೀನಣ್ಣ ನರಸೀಪುರದಲ್ಲಿ ಕಾಲೇಜು ಓದುತ್ತಿದ್ದ. ಓದುತ್ತಿದ್ದಾನೆ ಅಂತ ದೊಡ್ಡಪ್ಪ ನಂಬಿದ್ದ. ಅಣ್ಣ ಕಲಿತು ಬಂದದ್ದು ಗಿಟಾರು. ಆ ರಜದಲ್ಲಿ ಒಂದು ಇಂಗ್ಲಿಷ್ ರಾಕ್ ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡುವ ಹುಚ್ಚು ಅವನಿಗೆ ಹಿಡಿಯಿತು. ಗಿಟಾರು ಅವನದು, ಡ್ರಮ್ಸು ಕಂಪ್ಯೂಟರಿನದು, ಗಂಟಲು ಮಾತ್ರ ಬೇಕಿತ್ತು.

"ಲೇ ಕೂಸು, ನಿನ್ ಗಂಟ್ಲು ಸುಮ್ನೆ ವೇಸ್ಟಾಯ್ತಾ ಅದೆ. ಬಾ, ಆಡು" ಅಂದ.

ಸ್ಕೂಲಿನ ಪ್ರಾರ್ಥನೆಯಲ್ಲಿ ದನಿ ಒರಟು ಅಂತ ನನ್ನನ್ನು ಹಿಂದಿನ ಸಾಲಿಗೆ ತಳ್ಳಿದ್ದರು. ಅಂಥವಳನ್ನು ಒಬ್ಬರು ಹಾಡು ಅಂದರಲ್ಲ, ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಾದೇವಣ್ಣನ ಸ್ಪೀಕರಿನಲ್ಲಿ ನನ್ನ ದನಿ ಊರಿಗೆಲ್ಲ ಕೇಳಬೇಕು, ಆಗ ನನಗಿದ್ದದ್ದು ಅದೊಂದೇ ಆಸೆ.

ದನಿ ಗುಂಯ್‌ಗುಡಬಾರದೆಂದು ಒಳಕೋಣೆಯ ಗೋಡೆಗೆಲ್ಲ ಕೌದಿ, ಕಂಬಳಿ ನೇತುಹಾಕಿದೆವು. ಕೌದಿಗಳಿಂದ ಒಲೆಹೊಗೆಯ ಮತ್ತು ನುಸಿಗುಳಿಗೆಯ ವಾಸನೆ. ಫ್ಯಾನ್ ಹಾಕುವ ಹಾಗಿಲ್ಲ. ಎರಡು ಸಾಲು ಹಾಡುವಷ್ಟರಲ್ಲಿ ಪಕ್ಕದ ಮನೆಯ ಮೇಕೆ ಅರಚುತ್ತಿತ್ತು. ಮೇಕೆ ಸುಮ್ಮನಾದರೆ ಅವ್ವ, "ಉಪ್ಸಾರು ಆರೋಯ್ತದೆ, ಬಂದು ಉಣ್ರಲಾ" ಅನ್ನುತ್ತಿದ್ದಳು. ಮತ್ತೆ ಮೊದಲಿಂದ ಶುರು. ಹಾಡಿನ ಅರ್ಥ ನನಗೆ ಅರ್ಧವೂ ಗೊತ್ತಿರಲಿಲ್ಲ. ಅಣ್ಣನಿಗೂ ಗೊತ್ತಿರಲಿಲ್ಲ ಅಂತ ಈಗ ಅನಿಸುತ್ತದೆ. ಕೇಳಿದರೆ, "ಫೀಲಿಂಗ್ ಮುಖ್ಯ ಕಣೇ" ಅನ್ನುತ್ತಿದ್ದ.

ಗಿಟಾರು, ಡ್ರಮ್ಸು ಎಲ್ಲ ನಿಂತ ಮೇಲೆ ಕೊನೆಗೊಂದು ಉದ್ದನೆಯ ಕೂಗು ಬರಬೇಕಿತ್ತು. "ಒಟ್ಟೆಯಿಂದ ಬರ್ಬೇಕು" ಅಂದ ಅಣ್ಣ. ರಾಕ್ ಹಾಡಿನವರು ಹೇಗೆ ಕೂಗುತ್ತಾರೋ ನನಗೇನು ಗೊತ್ತು! ನಾಲೆಯಾಚೆಯ ಗದ್ದೆಯಲ್ಲಿರುವ ಅಪ್ಪನನ್ನು ಊಟಕ್ಕೆ ಕರೆಯಲು ದಿನಾ ಜಗಲಿಯಿಂದ ಕೂಗುತ್ತಿದ್ದೆನಲ್ಲ, ಅದನ್ನೇ ಬಿಟ್ಟೆ. ಅಣ್ಣ ಹೆಡ್‌ಫೋನ್ ಕಿತ್ತು ಕಿವಿ ಉಜ್ಜಿಕೊಂಡ.

ಆಮೇಲೆ ಅವನು ಕೋಣೆಯ ಬಾಗಿಲು ಹಾಕಿಕೊಂಡು, ಯಾವ ದನಿ ಎಷ್ಟು ಕೇಳಬೇಕು ಅಂತ ಹೊಂದಿಸುವ ಮಿಕ್ಸಿಂಗಿಗೆ ಕೂತ. ಮುಗಿಸಿ ಇಂಟರ್ನೆಟ್ಟಿನಲ್ಲಿ ರಾಕ್ ಹುಚ್ಚರ ಗುಂಪೊಂದಕ್ಕೆ ಹಾಕಿ, ಹೇಗಿದೆ ಹೇಳಿ ಅಂತ ಕೇಳಿದ. ಯಾವ ಊರಿನವರೋ ಏನೋ, "ಗಿಟಾರ್ ಬೆಂಕಿ ಗುರು" ಅಂತ ಬರೆದರು. ಅಣ್ಣ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ.

"ನನ್ ಬಗ್ಗೆ ಏನಂದ್ರು?" ಅಂತ ಕೇಳಿದೆ.

"ಅಂತಾರೆ ತಡಿ, ಅವಸ್ರ ಏನು?"

ಸಂಜೆ ಟೀ ಅಂಗಡಿ ಮುಂದೆ ಮಾದೇವಣ್ಣ ಟ್ರ್ಯಾಕ್ಟರು ನಿಲ್ಲಿಸಿದ್ದಾಗ ಅಣ್ಣ ಪೆನ್‌ಡ್ರೈವ್ ಕೊಟ್ಟ. ಕಬ್ಬು ಕಡಿದು ಬಂದವರು ಲೋಟ ಹಿಡಿದು ನಿಂತಿದ್ದರು. ಗಿಟಾರು ಎದ್ದಿತು ನೋಡಿ, ಎದೆಯೆಲ್ಲ ನಡುಗಿತು! ನಾನು ಉಸಿರು ಬಿಗಿಹಿಡಿದು ನನ್ನ ಸಾಲಿಗೆ ಕಾದೆ. ಸಾಲು ಬಂತು, ಹೋಯಿತು. ಕೊನೆಯ ಕೂಗೂ ಬಂದು ಹೋಯಿತು. ನನ್ನ ದನಿ ಸೊಳ್ಳೆ ಗುಂಯ್ ಅಂದಷ್ಟೂ ಇರಲಿಲ್ಲ.

"ಬೇಸು ಪಸಂದಾಗದೆ ಕಣ್ಲಾ" ಅಂದ ಮಾದೇವಣ್ಣ. "ಯಾರೋ ಅಟ್ಟಿ ಒಳ್ಗೆ ಬಾಗ್ಲಾಕಂಡು ಆಡ್ದಂಗದಲ್ಲ, ಅದ್ಯಾರು?"

ಎಲ್ಲರೂ ನಕ್ಕರು. ನನಗೆ ಅಳು ಬಂತು, ಅಣ್ಣನ ಕೂದಲು ಹಿಡಿದು ಎಳೆಯುವಷ್ಟು ಕೋಪವೂ ಬಂತು.

ಅಷ್ಟರಲ್ಲಿ ಡೈರಿಗೆ ಹಾಲು ಹಾಕಿ ಬರುತ್ತಿದ್ದ ಅವ್ವ ಖಾಲಿ ಕ್ಯಾನು ಹಿಡಿದು ಅಲ್ಲೇ ನಿಂತಳು. "ಲೇ ನವೀನ, ಇದ್ರಲ್ಲಿ ನನ್ ಮಗ್ಳು ಎಲ್ಲವ್ಳೆ? ಗಂಟ್ಲು ಕಟ್ಕತು ಅಂತ ದಿನಾ ಮೆಣಸಿನ ಕಷಾಯ ಕಾಯ್ಸಿ ಕೊಟ್ಟೋಳು ನಾನು!"

ಅಣ್ಣ ತಲೆ ಕೆರೆದುಕೊಂಡ. "ಎಣ್ಣೈಕ್ಳು ಇಂಗೆ ಕಿರುಚುದ್ರೆ ಊರೋರು ಏನಂದಾರು ಚಿಕ್ಕವ್ವ? ನೀನೇ ಬೈತೀಯ ಅಂತ ವಸಿ ಕಮ್ಮಿ ಮಾಡ್ದೆ."

ಅವನು ಹೇಳಿದ್ದು ಸುಳ್ಳಲ್ಲ. ಹೆಣ್ಣುಮಕ್ಕಳ ದನಿ ಹೊಸ್ತಿಲು ದಾಟಬಾರದು ಅಂತ ಅವ್ವನೇ ನನಗೆ ಎಷ್ಟು ಸಲ ಗದರಿದ್ದಳೋ. ಇಲ್ಲಿಗೆ ನನ್ನ ಹಾಡು ಮುಗಿಯಿತು ಅಂದುಕೊಂಡೆ. ಅವ್ವ ನನ್ನ ಮುಖ ನೋಡಿದಳು, ಟೀ ಲೋಟ ಹಿಡಿದವರನ್ನೂ ಒಂದು ಸುತ್ತು ನೋಡಿದಳು.

"ಗದ್ದೆ ತಕ ಕೂಗುದ್ರೆ ಯಾರೂ ಏನೂ ಅನ್ನಲ್ಲ, ಆಡುದ್ರೆ ಮಾತ್ರ ಅಂದಾರಾ? ಊರೋರ್ನ ನಾ ನೋಡ್ಕತ್ತೀನಿ. ನೀ ಸೌಂಡ್ ಕೊಡು."

ಅಣ್ಣ ರಾತ್ರಿಯೇ ಕೂತು ಗಿಟಾರು ಇಳಿಸಿ ನನ್ನ ದನಿ ಏರಿಸಿದ. ಸ್ವಂತ ಬೆರಳು ಕತ್ತರಿಸಿಕೊಂಡವನ ಮುಖ ಮಾಡಿಕೊಂಡಿದ್ದ, ಪಾಪ. ಮಾರನೆಯ ದಿನ ಬಿಸಿಲು ಏರುವ ಹೊತ್ತಿಗೆ ಮಾದೇವಣ್ಣ ಕಬ್ಬಿನ ಲೋಡು ನಿಲ್ಲಿಸಿ ಮತ್ತೆ ಹಾಕಿದ. ನಾನು ನಾಚಿಕೆಯಾಗಿ ನಮ್ಮ ಜಗಲಿಯಲ್ಲೇ ಉಳಿದೆ. ಅಲ್ಲಿಗೂ ಪ್ರತಿ ಮಾತು ಕೇಳಿಸಿತು. ಒರಟು ದನಿಯೇ, ಆದರೆ ನನ್ನದು. ಕೊನೆಗೆ ಎಲ್ಲ ನಿಂತು ಆ ಕೂಗು ಎದ್ದಾಗ ಮೇಕೆ ಕೂಡ ಕಿವಿ ನಿಮಿರಿಸಿತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಖುಷಿಗೆ ನಾನು ಜಗಲಿಯ ಮೇಲೇ ಕುಣಿದೆ.

ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ಹೆಗಲ ಮೇಲೆ ಗುದ್ದಲಿ, ಮೊಣಕಾಲವರೆಗೆ ಕೆಸರು. ಕಾಲು ತೊಳೆದು ಒಳಗೆ ಬಂದು ಮಣೆ ಹಾಕಿಕೊಂಡು ಕೂತೇಬಿಟ್ಟ. ಒಲೆಯ ಮೇಲೆ ಮುದ್ದೆಯ ಎಸರು ಇನ್ನೂ ಕುದಿ ಬಂದಿರಲಿಲ್ಲ.

"ಇಷ್ಟು ಬಿರ್ನೆ ಯಾಕವ್ವ ಕೂಗ್ದೆ?" ಅಂತ ನನ್ನನ್ನು ಕೇಳಿದ.

ಅವ್ವ ಸೌಟು ಬಿಟ್ಟು ನಗಲು ಕೂತಳು. ಟ್ರ್ಯಾಕ್ಟರಿನ ಕಡೆಯಿಂದ ಓಡಿಬಂದ ನವೀನಣ್ಣ, "ಚಿಕ್ಕಪ್ಪ, ಅದು ಇಂಗ್ಲಿಷ್ ಆಡು" ಅಂತ ವಿವರಿಸಿದ.

"ಇಂಗ್ಲಿಷೋ ಗಿಂಗ್ಲಿಷೋ ನಂಗೇನ್ ಗೊತ್ತ್ಲಾ? ಮಗ್ಳು ಕರುದ್ಲು, ಬಂದೆ."

ಈಗ ನಾನು ನಂಜನಗೂಡಿನಲ್ಲಿದ್ದೇನೆ. ಕೆಲಸ ಮುಗಿಸಿ ಬಂದು ಸಂಜೆ ಹಾಡುತ್ತೇನೆ. ಒಳ್ಳೆಯ ಮೈಕು ಇದೆ, ಗೋಡೆಗೆ ಸ್ಪಂಜು ಹಚ್ಚಿಸಿದ್ದೇನೆ, ದನಿ ತಗ್ಗಿಸು ಅನ್ನುವವರು ಯಾರೂ ಇಲ್ಲ. ಊರಿನಲ್ಲಿ ಅಪ್ಪ ಇವತ್ತಿಗೂ ಗದ್ದೆಗೆ ಹೋಗುತ್ತಾನೆ. ಊಟಕ್ಕೆ ಅವ್ವ ಮಿಸ್ಡ್ ಕಾಲ್ ಕೊಡುತ್ತಾಳೆ. ಎಲ್ಲರೂ ಸುಖವಾಗಿದ್ದೇವೆ, ಅಳುವಂಥದ್ದೇನೂ ಆಗಿಲ್ಲ. ಇಂಟರ್ನೆಟ್ಟಿಗೆ ಹಾಡು ಹಾಕಿದ ಮರುಗಳಿಗೆಯೇ ಗುರುತಿಲ್ಲದ ಊರುಗಳವರು "ವೋಕಲ್ ಸೂಪರ್" ಅಂತ ಬರೆದು ಮುಂದಕ್ಕೆ ಹೋಗುತ್ತಾರೆ. ಓದಿ ಸಂತೋಷಪಡುತ್ತೇನೆ, ಸುಳ್ಳೇಕೆ ಹೇಳಲಿ. ಆದರೆ ನನ್ನ ದನಿ ಕೇಳಿ, ಕೈಲಿದ್ದ ಕೆಲಸ ಬಿಟ್ಟು, ನಾಲೆ ದಾಟಿ ಬಂದವನು ಇದುವರೆಗೆ ಒಬ್ಬನೇ.